ಕಣಜಾಳೆಯವರ ಬುಡ ಹುಡುಕಿದ ಐದು ದಿನ

ಫೋನು ಬಂದಾಗ ನಾನು ಔರಾದ ಶಹಾಜನಿಯ ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದೆ. ಅತ್ತ ಕಡೆ ಗುಂಜೋಟಿಯ ಮುತ್ಯಾ. ಎಂಬತ್ತರ ಆಸುಪಾಸಿನ ಒಕ್ಕಲಿನ ಮನುಷ್ಯ, ಕಣಜಾಳೆ ಮನೆತನದ ಹಿರಿಯ.

“ಹೆಳವಪ್ಪಾ, ಒಂದು ಮಾತು ಕೇಳಬೇಕಾಗ್ಯದ. ಕಣಜಾಳೆ ಅಂಬೋ ಅಡ್ಡಹೆಸರು ಎಷ್ಟು ಬುಡದಾಗ ಅದ?”

“ಒಂದೇ ಬುಡ ಮುತ್ಯಾ. ಎಲ್ಲಾರೂ ಗುಂಜೋಟಿಲಿಂದ ಹೋದವರೇ. ಎರಡನೇದು ಇಲ್ಲೇ ಇಲ್ಲ.”

“ಖರೆ?”

“ನನಗ ಕೇಳ್ತೀರಿ? ನಿಮ್ಮ ಮನಿ ತಲಿಮಾರು ಎಲ್ಲಾ ನನಗ ಬಾಯಿಪಾಠ ಅವ.”

ಮುತ್ಯಾ ಫೋನಿಟ್ಟರು. ಯಾಕೆ ಕೇಳಿದಿರಿ ಎಂದು ನಾನು ಕೇಳಲಿಲ್ಲ. ಕಾಲು ಕೆಜಿ ಬದನೆಕಾಯಿಗೆ ಹತ್ತು ನಿಮಿಷ ಚೌಕಾಸಿ ಮಾಡುವ ನಾನು ಈ ಮಾತಿಗೆ ಅರ್ಧ ನಿಮಿಷವನ್ನೂ ಕೊಡಲಿಲ್ಲ.

ನಾನು ಹೆಳವ. ಮನೆಮನೆಯ ವಂಶಾವಳಿ ಬರೆದಿಟ್ಟುಕೊಂಡು, ಕೆಲವು ವರ್ಷಕ್ಕೊಮ್ಮೆ ಆ ಮನೆಯ ಹೊಸ್ತಿಲ ಬಳಿ ಕೂತು ಹಿರಿಯರ ಹೆಸರು ಓದಿ ಹೇಳುವುದು, ಹೊಸದಾಗಿ ಹುಟ್ಟಿದವರನ್ನು ಬರೆದುಕೊಳ್ಳುವುದು ನಮ್ಮ ಕಸುಬು. ಹಿಂದಿನವರು ಎತ್ತಿನ ಮೇಲೆ ಹೋಗುತ್ತಿದ್ದರು, ನಾನು ಮೋಟರ್‌ಸೈಕಲ್ ಮೇಲೆ ಹೋಗುತ್ತೇನೆ. ವ್ಯತ್ಯಾಸ ಅಷ್ಟೇ. ಹೆಣ್ಣು ಕೊಟ್ಟು ತರುವಾಗ ಎರಡು ಮನೆ ಒಂದೇ ಬುಡದವೋ, ಅಂದರೆ ಒಬ್ಬನೇ ಮೂಲಪುರುಷನ ಸಂತಾನವೋ, ಬೇರೆಯೋ ಎಂಬ ಪ್ರಶ್ನೆ ಬಂದರೆ ಈ ಭಾಗದಲ್ಲಿ ಇವತ್ತಿಗೂ ಹೆಳವನ ಮಾತೇ ಕೊನೆ. ಒಂದೇ ಬುಡವಾದರೆ ಹುಡುಗ ಹುಡುಗಿ ಅಣ್ಣ ತಂಗಿ. ಮುಗಿಯಿತು, ಮದುವೆ ಇಲ್ಲ.

ಕಣಜಾಳೆ ಅಪರೂಪದ ಅಡ್ಡಹೆಸರು. ಪಾಟೀಲ, ಬಿರಾದಾರ ಎಂದು ಕೂಗಿದರೆ ಸಂತೆಯಲ್ಲಿ ಹತ್ತು ಜನ ತಿರುಗಿ ನೋಡುತ್ತಾರೆ. ಕಣಜಾಳೆ ಎಂದರೆ ಯಾರೂ ತಿರುಗುವುದಿಲ್ಲ. ಗುಂಜೋಟಿಯಲ್ಲಿ ಮೂರು ಮನೆ, ಉಮರ್ಗಾದಲ್ಲಿ ಒಂದು, ನಿಲಂಗಾದಲ್ಲಿ ಬೀಜದ ಅಂಗಡಿಯ ಒಂದು ಬೋರ್ಡು. ಮಹಾರಾಷ್ಟ್ರದ ಗಡಿ ದಾಟಿ ಬೀದರ್ ಕಡೆ ಹೋದರೆ ಒಂದೂ ಸಿಗುವುದಿಲ್ಲ. ಮೂಲಪುರುಷ ಸಂಗಪ್ಪ ಊರಿನ ಕಣಜ ಕಾಯುತ್ತಿದ್ದ. ಅವನಿಗೆ ಅಂಟಿದ ಕಣಜದ ಹೆಸರಿಗೆ ಮುಂದೆ ಯಾರೋ ಬರವಣಿಗೆಯವನು ಮರಾಠಿ ಬಾಲ ಹಚ್ಚಿದ. ಇಷ್ಟನ್ನು ನನ್ನಪ್ಪ ನನಗೆ ಹೇಳಿಕೊಟ್ಟಿದ್ದ. ಅದರ ಮೇಲೆಯೇ ನಾನು ಸಂತೆಯಲ್ಲಿ ನಿಂತು ಎದೆ ಉಬ್ಬಿಸಿ ಮಾತಾಡಿದ್ದು.

ಮರುದಿನ, ಬುಧವಾರ ಬೆಳಿಗ್ಗೆ, ಗುರುತಿಲ್ಲದ ನಂಬರಿನಿಂದ ಫೋನು ಬಂತು. ಹೆಣ್ಣುಮಗಳ ದನಿ.

“ಕಾಕಾ, ನಾ ಗುಂಜೋಟಿ ಮುತ್ಯಾನ ಮೊಮ್ಮಗಳು. ಉದಗೀರದಾಗ ದವಾಖಾನಿ ನರ್ಸ್ ಇದ್ದೀನಿ. ಬರೋ ಸೋಮವಾರ ನಂದು ಲಗ್ನ ಇತ್ತು.”

ಇತ್ತು ಎಂದಳು. ಅದ ಎನ್ನಲಿಲ್ಲ.

ಅವಳು ಹೇಳಿದ್ದಿಷ್ಟು. ಹುಡುಗ ಉದಗೀರ್‌ನವನು, ಊರೆಲ್ಲ ಪಾಟೀಲ ಎಂದು ಕರೆಯುವ ಮನೆ. ಸಾಖರಪುಡಾ, ಅಂದರೆ ನಿಶ್ಚಿತಾರ್ಥ, ಆಗಿತ್ತು, ಲಗ್ನಪತ್ರಿಕೆ ಹಂಚಿದ್ದರು. ಮದುವೆ ನೋಂದಣಿಗೆಂದು ಹುಡುಗ ತನ್ನ ಶಾಲೆ ಬಿಟ್ಟ ದಾಖಲೆ ಕಳಿಸಿದ. ಅದರಲ್ಲಿ ಅಡ್ಡಹೆಸರು ಪಾಟೀಲ ಅಲ್ಲ, ಕಣಜಾಳೆ. ಊರಿನ ಗೌಡಿಕೆ, ಪಾಟೀಲಕಿ, ಬಂದ ಮೇಲೆ ಹಳೆಯ ಹೆಸರನ್ನು ಬಾಯಲ್ಲಿ ಬಿಟ್ಟು ಕಾಗದದಲ್ಲಿ ಉಳಿಸಿಕೊಂಡಿದ್ದರು. ಮುತ್ಯಾ ನನಗೆ ಫೋನು ಮಾಡಿದರು. ನಾನು ಒಂದೇ ಬುಡ ಎಂದೆ. ಅದೇ ಸಂಜೆ ಮದುವೆ ನಿಲ್ಲಿಸಿದರು.

“ಒಂದೇ ಕೇಳ್ತೀನಿ ಕಾಕಾ. ನೀವು ಪುಸ್ತಕ ತಗದು ನೋಡಿ ಹೇಳೀರೇನು?”

“ಅದರಾಗ ನೋಡೂದೇನದ ತಾಯಿ…”

“ನಾವು ಕೇಸ್ ಪೇಪರ್ ನೋಡದ ಸೂಜಿ ಮಾಡಂಗಿಲ್ಲ ಕಾಕಾ. ಮುಖ ಗುರುತಿದ್ದ ಪೇಶಂಟಿಗೂ ಮಾಡಂಗಿಲ್ಲ.”

ಅವಳು ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಹೇಳಿ ಜಾರಿಕೊಳ್ಳುತ್ತಿದ್ದೆನೇನೋ. ಸಿಟ್ಟು ಬಂತು, ಮಗಳ ವಯಸ್ಸಿನವಳು ನನಗೆ ಕಸುಬು ಕಲಿಸುತ್ತಾಳಲ್ಲ ಎಂದು. ಆ ಸಿಟ್ಟಿನಲ್ಲೇ ಕಪಾಟು ತೆಗೆದು ರಿಜಿಸ್ಟರ್ ಇಳಿಸಿದೆ.

ಬುಡದ ಪುಟದಲ್ಲಿ ಸಂಗಪ್ಪ. ಅವನಿಂದ ಇಳಿದ ಎರಡು ಗೆರೆ. ಒಂದರ ಕೆಳಗೆ ಮಲ್ಲಪ್ಪ, ಗುಂಜೋಟಿಯವರ ಹಿರಿಯ. ಇನ್ನೊಂದರ ಕೆಳಗೆ ಶಿವಪ್ಪ, ‘ಉದಗೀರಕ್ಕೆ ಹೋದ, ಮುಂದಿನದು ಹಿರಿಯ ಕಟ್ಟಿನಲ್ಲಿ’, ಅಂದರೆ ದೊಡ್ಡಪ್ಪನ ಪಾಲಿನ ಪುಸ್ತಕದಲ್ಲಿ, ಎಂದು ಬರೆದಿದೆ. ನಾನು ಹೇಳಿದ್ದು ಸರಿಯಾಗಿಯೇ ಇತ್ತು. ಪುಸ್ತಕ ಮುಚ್ಚಬೇಕು, ಅಷ್ಟರಲ್ಲಿ ಶಿವಪ್ಪನ ಹೆಸರಿನ ಪಕ್ಕ ಸಣ್ಣದಾಗಿ ಬರೆದ ಇನ್ನೊಂದು ಹೆಸರು ಕಂಡಿತು: ಗಂಗವ್ವ.

ನಮ್ಮ ಪುಸ್ತಕದಲ್ಲಿ ಹೆಣ್ಣಿನ ಹೆಸರು ಬರೆಯುವುದಿಲ್ಲ. ತಪ್ಪೋ ಸರಿಯೋ, ಹಿಂದಿನಿಂದ ಬಂದ ಕ್ರಮ. ಎರಡೇ ಕಡೆ ಬರೆಯುತ್ತಾರೆ. ಗಂಡಸಿಗೆ ಇಬ್ಬರು ಹೆಂಡಿರಿದ್ದು ಯಾರ ಮಗ ಯಾರು ಎಂದು ಹೇಳಬೇಕಾದಾಗ ತಾಯಿಯ ಹೆಸರು ಬರೆಯುತ್ತಾರೆ. ಅಳಿಯನನ್ನು ಮಗನಂತೆ ಮನೆಯಲ್ಲಿಟ್ಟುಕೊಂಡಾಗ ಮಗಳ ಹೆಸರು ಬರೆಯುತ್ತಾರೆ. ಗಂಗವ್ವ ತಾಯಿಯಾದರೆ ಶಿವಪ್ಪ ಸಂಗಪ್ಪನ ಮಗನೇ, ಒಂದೇ ಬುಡ. ಗಂಗವ್ವ ಮಗಳಾದರೆ ಶಿವಪ್ಪ ಮನೆಅಳಿಯ. ಹೊರಗಿನ ರಕ್ತ, ಬೇರೆ ಬುಡ, ಮದುವೆಗೆ ಅಡ್ಡಿಯೇ ಇಲ್ಲ.

ಇದನ್ನು ತಿಳಿಯುವುದು ಗೆರೆಯಿಂದ. ಮಗನಾದರೆ ಇಡೀ ಗೆರೆ. ಹೊರಗಿನಿಂದ ಒಳಗೆ ಬಂದವನಾದರೆ ನಡುವೆ ತುಂಡಾದ ಗೆರೆ. ನನ್ನ ರಿಜಿಸ್ಟರಿನಲ್ಲಿ ಇಡೀ ಗೆರೆ ಇತ್ತು. ಅಷ್ಟೇ ಅಲ್ಲ, ಆ ರಿಜಿಸ್ಟರಿನಲ್ಲಿದ್ದ ಎಲ್ಲ ಗೆರೆಗಳೂ ಇಡಿಯಾಗಿದ್ದವು, ನೆಟ್ಟಗಿದ್ದವು. ಯಾಕೆಂದರೆ ಅಪ್ಪನ ಪುಸ್ತಕಕ್ಕೆ ಹುಳು ಬಿದ್ದಾಗ ಹೊಸದಕ್ಕೆ ಇಳಿಸಿದವನು ನಾನು. ಹೆಸರುಗಳನ್ನು ಮೊದಲು ಬರೆದುಕೊಂಡು, ಆಮೇಲೆ ಕೂತು ಫೂಟ್‌ಪಟ್ಟಿ ಇಟ್ಟು ಗೆರೆ ಎಳೆದಿದ್ದೆ. ಚಂದ ಕಾಣಲಿ ಎಂದು. ನೋಡಿದವರೆಲ್ಲ ಹೊಗಳಿದ್ದರು. ಇಳಿಸಿ ಮುಗಿದ ಮೇಲೆ ಪದ್ಧತಿಯಂತೆ ಹಳೆಯ ಪುಸ್ತಕವನ್ನು ಮಾಂಜ್ರಾ ಹೊಳೆಗೆ ಬಿಟ್ಟು ಕೈಮುಗಿದಿದ್ದೆ.

ಅಲ್ಲೇ ನೆಲದ ಮೇಲೆ ಕೂತೆ. ಹೆಂಡತಿ ಚಹಾ ತಂದವಳು ಮೈ ಬಿಸಿ ಇದೆಯೇ ಎಂದು ಹಣೆ ಮುಟ್ಟಿ ನೋಡಿದಳು.

ಗುರುವಾರ ಬೆಳಿಗ್ಗೆ, ಗೆರೆಯ ಮೇಲೆ ಸಂಶಯವಿದೆ, ಹುಡುಕುತ್ತೇನೆ ಎಂದು ಹುಡುಗಿಗೆ ಫೋನಿನಲ್ಲಿ ಹೇಳಿ, ನಿಲಂಗಾದ ತಹಸೀಲ ಕಚೇರಿಗೆ ಹೋದೆ. ಉದಗೀರಿಗೆ ಹೋಗುವ ಮೊದಲು ಶಿವಪ್ಪ ಈ ತಾಲೂಕಿನಲ್ಲಿ ಸ್ವಲ್ಪ ಕಾಲ ಹೊಲ ಮಾಡಿದ್ದನೆಂದು ಕೇಳಿದ್ದೆ. ಅರ್ಜಿ ಬರೆದು, ಕೋರ್ಟ್ ಫೀ ಟಿಕೆಟು ಹಚ್ಚಿ, ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕಾದೆ. ಸಿಕ್ಕ ನಿಜಾಮರ ಕಾಲದ ಉರ್ದು ದಾಖಲೆಯನ್ನು ಅಲ್ಲಿಯ ಅರ್ಜಿ ಬರೆಯುವ ಮುದುಕರೊಬ್ಬರು ಓದಿ ಹೇಳಿದರು. ಶಿವಪ್ಪ ಎಂದಿತ್ತು. ಅಪ್ಪನ ಹೆಸರಿನ ಜಾಗದಲ್ಲಿ ಶಾಯಿ ಹರಡಿ ಒಂದು ಕಪ್ಪು ಕಲೆ. ಅಡ್ಡಹೆಸರು ಆಗ ಬರೆಯುತ್ತಲೇ ಇರಲಿಲ್ಲ.

ಅಷ್ಟರಲ್ಲಿ ಮುತ್ಯಾ ಮತ್ತೆ ಫೋನು ಮಾಡಿದರು. ಯಾಕೋ ಹುಡುಗಿ ನಿನ್ನ ಮೇಲೆ ಭರವಸೆ ಇಟ್ಟಿದ್ದಾಳೆ, ಶನಿವಾರ ಮಧ್ಯಾಹ್ನದ ತನಕ ನೋಡುತ್ತೇನೆ, ಆಮೇಲೆ ಹಂದರ ಹಾಕಿದವನಿಗೆ ಬಿಚ್ಚಲು ಹೇಳುತ್ತೇನೆ ಎಂದರು.

ಉಳಿದದ್ದು ಒಂದೇ ದಾರಿ, ನಾನು ಬೇಡವೆಂದು ಬಿಟ್ಟಿದ್ದ ದಾರಿ. ನಮ್ಮ ಅಜ್ಜನ ಮೂಲ ಪುಸ್ತಕ ಎರಡು ಪಾಲಾಗಿತ್ತು. ಗುಂಜೋಟಿ, ಉಮರ್ಗಾ ನನ್ನಪ್ಪನಿಗೆ; ನಿಲಂಗಾ, ಉದಗೀರ ದೊಡ್ಡಪ್ಪನಿಗೆ. ಅಪ್ಪ ಬುಡದ ಪುಟಗಳ ನಕಲು ಮಾಡಿಕೊಂಡಿದ್ದ, ಅಸಲು ಹಿರಿಯರ ಪಾಲಿಗೇ ಹೋಯಿತು. ಅದು ಈಗ ದೊಡ್ಡಪ್ಪನ ಮಗನ ಹತ್ತಿರ ಇದೆ. ಅವನು ನಿಲಂಗಾ ಬಸ್‌ಸ್ಟ್ಯಾಂಡಿನ ಹಿಂದೆ ಪಂಚರ್ ಅಂಗಡಿ ಇಟ್ಟಿದ್ದಾನೆ. ಯಾವ ಊರು ಯಾರ ಪಾಲು ಎಂಬ ಜಗಳದಲ್ಲಿ ನಾವು ಮಾತು ಬಿಟ್ಟು ನಾಲ್ಕು ವರ್ಷ. ಕೊನೆಯ ಸಲ ಜಗಳವಾಡಿದಾಗ ಅವನ ಪುಸ್ತಕವನ್ನು ನಾನು ‘ಎಮ್ಮಿ ಮೇದ ಕಾಗದ’ ಎಂದಿದ್ದೆ.

ಶುಕ್ರವಾರ ಅಂಗಡಿಯ ಮುಂದೆ ನಿಂತಾಗ ಅವನು ಟ್ಯೂಬನ್ನು ನೀರಲ್ಲಿ ಅದ್ದಿ ಗುಳ್ಳೆ ನೋಡುತ್ತಿದ್ದ. ತಲೆ ಎತ್ತಲಿಲ್ಲ.

“ಗಾಳಿ ಹಾಕಬೇಕೇನು?”

“ಅಣ್ಣಾ, ನಾ ತಪ್ಪು ಮಾಡೀನಿ.”

ಅಣ್ಣಾ ಎಂದು ಕರೆದದ್ದಕ್ಕೋ ಏನೋ, ಟ್ಯೂಬು ಬಿಟ್ಟ. ನಾನು ಎಲ್ಲ ಹೇಳಿದೆ, ಫೂಟ್‌ಪಟ್ಟಿಯ ಸಮೇತ. ಅವನು ನಕ್ಕ. ನಗಲಿ ಎಂದೇ ಹೇಳಿದ್ದೆ. ಆದರೂ ಮೈ ಉರಿಯಿತು.

“ನಿಂದು ನೀಟ್ ಪುಸ್ತಕ. ನಮ್ದು ಎಮ್ಮಿ ಮೇದದ್ದು. ಅದರಾಗ ಏನ್ ನೋಡ್ತಿ?”

“ಒಂದೇ ಗೆರಿ ನೋಡ್ಬೇಕು. ಒಂದು ಹುಡುಗಿ ಲಗ್ನ ನಿಂತದ ಅಣ್ಣಾ. ನಾ ನಿಲ್ಲಿಸೀನಿ.”

ಅವನ ನಗು ನಿಂತಿತು. “ಬುಡದ ಪುಟ ನಾನೂ ನೋಡಿಲ್ಲ. ಅಪ್ಪ ನೂಲಿಲಿಂದ ಹೊಲದು ಇಟ್ಟಾನ. ಆ ಮನಿಯವರು ಬಿಚ್ಚು ಅಂದ್ರ ಅವರ ಹೊಸ್ತಲದಾಗ ಬಿಚ್ಚಬೇಕು. ಇಲ್ಲಿ ಗ್ರೀಸಿನ ಕೈಲಿ ಅಲ್ಲ.”

ಇದು ನನಗೂ ಗೊತ್ತಿತ್ತು. ನಾವು ಪ್ರತಿ ಸಲ ಓದುವುದು ಮುತ್ತಜ್ಜನಿಂದ ಕೆಳಗೆ. ಅದರ ಮೇಲಿನದು ಮನೆಯ ಹಿರಿಯರು ಕೇಳಿದರೆ ಮಾತ್ರ. ಅಲ್ಲಿ ಏನಿರುತ್ತದೋ ಯಾರಿಗೆ ಗೊತ್ತು, ಅದಕ್ಕೇ ಅಸಲು ಪುಟಕ್ಕೆ ಆ ನೂಲು. ದೊಡ್ಡಪ್ಪ ತೀರಿಕೊಂಡ ಮೇಲೆ ಉದಗೀರ್‌ನ ಆ ಮನೆಗೆ ಯಾರೂ ಹೋಗಿರಲಿಲ್ಲ.

ಮುತ್ಯಾಗೆ ಉದಗೀರಿಗೇ ಬರಲು ಹೇಳಿದೆ. ಶನಿವಾರ ಬೆಳಿಗ್ಗೆ ಅಣ್ಣ ಬಿಳಿ ಧೋತರ ಉಟ್ಟು, ಕಟ್ಟನ್ನು ಎದೆಗೊತ್ತಿಕೊಂಡು ನನ್ನ ಹಿಂದೆ ಕೂತ. ನಿಲಂಗಾದಿಂದ ಉದಗೀರ್‌ವರೆಗೆ ನಾವಿಬ್ಬರೂ ಒಂದು ಮಾತೂ ಆಡಲಿಲ್ಲ. ಗುಂಡಿ ಬಂದಾಗ ಮಾತ್ರ ಅವನು ‘ಹೂಂ’ ಎನ್ನುತ್ತಿದ್ದ.

ಹುಡುಗನ ಅಪ್ಪ ನಿವೃತ್ತ ಮಾಸ್ತರರು, ಎಲ್ಲರೂ ಗುರೂಜಿ ಎನ್ನುತ್ತಾರೆ. ಅವರ ತಾಯಿ, ಬಿಳಿ ಕೂದಲಿನ ಮುದುಕಿ, ಪಡಸಾಲೆಯಲ್ಲಿ ಗೋಡೆಗೊರಗಿ ಕೂತಿದ್ದಳು. ಹುಡುಗ ಗೇಟಿನ ಹತ್ತಿರ ನಿಂತವನು ಒಳಗೂ ಬರಲಿಲ್ಲ, ಹೊರಗೂ ಹೋಗಲಿಲ್ಲ. ಮುತ್ಯಾ ಬಂದಿದ್ದರು, ಕೊಟ್ಟ ನೀರು ಮುಟ್ಟಿರಲಿಲ್ಲ. ಹುಡುಗಿ ಡ್ಯೂಟಿಯಿಂದ ನೇರ ಬಂದವಳು ಆಸ್ಪತ್ರೆಯ ಬಟ್ಟೆಯಲ್ಲೇ ಬಾಗಿಲ ಪಕ್ಕ ನಿಂತಿದ್ದಳು.

ಅಣ್ಣ ಹೊಸ್ತಿಲ ಬಳಿ ಕಂಬಳಿ ಹಾಸಿ ಕಟ್ಟು ಬಿಚ್ಚಿದ. ಮೂರು ಅಂಚೂ ಹೊಲಿದ ಬುಡದ ಪುಟ ಮೇಲೆ ಬಂತು. “ಬಿಚ್ಚಲೇನ್ರಿ?” ಎಂದ.

ಗುರೂಜಿ ಮುಖ ಗಂಟಿಕ್ಕಿದರು. “ಅದರಾಗ ಏನದ ಅಂತ ಮೊದಲು ಹೇಳ್ರಿ. ಆಮೇಲೆ ಬಿಚ್ಚೂದು ನೋಡಮು.”

“ಬಿಚ್ಚದ ಹೆಂಗ ಹೇಳಲಿ?”

“ನಮ್ಮ ಮನಿ ಪಾಟೀಲಕಿ ಮನಿ. ಓಣಿ ಜನ ನಿಂತು ನೋಡಲತ್ಯಾರ.”

ಖರೆಯೇ, ಗೇಟಿನ ಹೊರಗೆ ಏಳೆಂಟು ಜನ ಸೇರಿದ್ದರು. ಮುತ್ಯಾ ಎದ್ದು ನಿಂತು ಟೊಪ್ಪಿಗೆ ಸರಿಮಾಡಿಕೊಂಡರು, ಹೊರಟೆ ಎನ್ನುವಂತೆ. ಆಗ ಮುದುಕಿ ಹೇಳಿದಳು: “ಬಿಚ್ಚೋ ಹೆಳವಪ್ಪಾ. ಈ ಮನಿಗಿ ಹಿರೇಕಿ ನಾ ಇನ್ನ ಸತ್ತಿಲ್ಲ.”

ಅಣ್ಣ ಕತ್ತರಿಯಿಂದ ನೂಲು ತುಂಡರಿಸಿದ. ಪುಟ ತೆರೆದು ಒಂದು ಕ್ಷಣ ನೋಡಿದ, ಆಮೇಲೆ ನನ್ನ ಮುಂದೆ ತಳ್ಳಿದ. “ನೀನೇ ಓದು. ಕೆಡಿಸಿದಾಂವ ನೀನೇ.”

ಸಂಗಪ್ಪ. ಮಲ್ಲಪ್ಪನಿಗೆ ಇಡೀ ಗೆರೆ. ಶಿವಪ್ಪನಿಗೆ ನಡುವೆ ತುಂಡಾದ ಗೆರೆ. ಎರಡು ತುಂಡುಗಳ ನಡುವೆ ಜೋಳದ ಕಾಳಿನಷ್ಟು ಜಾಗ. ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ. ಆದರೆ ಅದರ ಕೆಳಗೆ ಎರಡು ಸಾಲು ಬರಹ ಇತ್ತು. ಅದನ್ನು ಕಣ್ಣಲ್ಲೇ ಓದಿದೆ. ಬಂದ ನೀರು ಇಂಗಿಹೋಯಿತು.

‘ಮಗಳು ಗಂಗವ್ವನ ಗಂಡ. ಬೀದರ ಸೀಮೆಯಿಂದ ಕೂಲಿಗೆ ಬಂದವ. ಕುಲ ಕೇಳಿದರೆ ಹೇಳಲಿಲ್ಲ. ಮಾವನ ಹೆಸರು ಹಚ್ಚಿಕೊಂಡ.’

ಮೊದಲ ಮಾತು ಓದಿದರೆ ಮದುವೆ ಉಳಿಯುತ್ತದೆ. ಮುಂದಿನದು ಓದಿದರೆ ಕುಲ ಗೊತ್ತಿಲ್ಲದವರ ಮನೆಗೆ ಹೆಣ್ಣು ಹೇಗೆ ಕೊಡಲಿ ಎಂದು ಮುತ್ಯಾ ಏಳಬಹುದು. ಆ ಪಡಸಾಲೆಯಲ್ಲಿ ಎಲ್ಲರ ಮನೆಮಾತು ಕನ್ನಡವೇ, ಆದರೆ ಕಲಿತದ್ದು ಮರಾಠಿ ಶಾಲೆಯಲ್ಲಿ. ಈ ಅಕ್ಷರ ಓದಬಲ್ಲವರು ನಾನು ಮತ್ತು ಅಣ್ಣ ಇಬ್ಬರೇ. ಅಣ್ಣ ಕಂಬಳಿಯ ಕೆಳಗಿಂದ ನನ್ನ ಮೊಣಕಾಲು ಒತ್ತಿದ. ನಿಲ್ಲಿಸು ಎಂದು. ನಾಲ್ಕು ವರ್ಷದ ಮೇಲೆ ಅವನು ನನ್ನ ಪರವಾಗಿ ಮಾಡಿದ ಮೊದಲ ಕೆಲಸ ಅದು.

ಮೊದಲ ಮಾತು ಓದಿದೆ. “ಶಿವಪ್ಪ ಮಗ ಅಲ್ಲ, ಅಳಿಯ. ಸಂಗಪ್ಪನ ಮಗಳು ಗಂಗವ್ವನ ಗಂಡ. ಬುಡ ಬೇರೆ. ಹುಡುಗ ಹುಡುಗಿ ಅಣ್ಣ ತಂಗಿ ಆಗಂಗಿಲ್ಲ. ಗುಂಜೋಟಿಯವರು ಈ ಮನಿಗಿ ಹಿಂದೇ ಒಂದು ಹೆಣ್ಣು ಕೊಟ್ಟಾರ.”

ಹುಡುಗಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಮುತ್ಯಾ ಕೂತರು. ಗೇಟಿನ ಹತ್ತಿರ ಹುಡುಗ ಎರಡೂ ಕೈಯಿಂದ ಮುಖ ಒರೆಸಿಕೊಂಡ. ಅಲ್ಲಿಗೆ ಪುಸ್ತಕ ಮುಚ್ಚಬಹುದಿತ್ತು. ಮುಚ್ಚಲು ಕೈಯೂ ಹೋಗಿತ್ತು. ಆದರೆ ನಾಲ್ಕು ದಿನದ ಹಿಂದೆ ಪುಸ್ತಕ ತೆರೆಯದೆ ಮಾತಾಡಿ ಈ ಹುಡುಗಿಯ ಬದುಕು ಕೆಡಿಸಿದ್ದೆ. ಈಗ ತೆರೆದ ಪುಸ್ತಕದಲ್ಲಿ ಅರ್ಧ ಓದಿ ಅವಳನ್ನು ಈ ಮನೆಗೆ ಕಳಿಸಿದರೆ, ನಾಳೆ ಅಣ್ಣನ ಮಗನೋ ನನ್ನ ಮಗನೋ ಇದೇ ಹೊಸ್ತಿಲಲ್ಲಿ ಉಳಿದರ್ಧ ಓದುತ್ತಾನೆ. ಆಗ ಅವಳ ತೊಡೆಯ ಮೇಲೆ ಕೂಸಿರುತ್ತದೆ. ಕೆಟ್ಟರೆ ಇವತ್ತೇ ಕೆಡಲಿ ಅನಿಸಿತು. ಅಣ್ಣನ ಕೈ ಸರಿಸಿ ಉಳಿದದ್ದನ್ನು ಓದಿದೆ, ಗಟ್ಟಿಯಾಗಿ, ಒಂದೊಂದೇ ಮಾತು.

ಓದಿ ಮುಗಿಸಿದಾಗ ಹೊರಗೆ ಯಾರೋ ಕೆಮ್ಮಿದ್ದು ಕೇಳಿಸಿತು.

ಗುರೂಜಿ ಎದ್ದು ನಿಂತರು. “ಸುಳ್ಳು! ಇವರಿಬ್ಬರೂ ಕೂಡಿ ಬರದಾರ. ನಾವು ಮೂಲ ಪಾಟೀಲರು. ಕೂಲಿಯವನ ಹೊಟ್ಟಿಲೆ ಹುಟ್ಟಿದವರಲ್ಲ.”

ಮುತ್ಯಾ ನೆಲ ನೋಡುತ್ತ ಕೂತಿದ್ದರು. “ಕುಲ ತಿಳೀದ ಮನಿ… ನಾ ಊರಿಗಿ ಹೋಗಿ ಏನ್ ಹೇಳಲಿ?” ಎಂದರು. ನನ್ನ ಕೈಯಾರೆ ಎರಡನೆಯ ಸಲ ಮುರಿದೆ ಎಂದುಕೊಂಡೆ.

ಮುದುಕಿ ಗೋಡೆ ಹಿಡಿದು ಎದ್ದಳು. ಮಗನ ಕಡೆ ನೋಡಲಿಲ್ಲ, ನೇರ ಮುತ್ಯಾನ ಮುಂದೆ ಬಂದು ನಿಂತಳು.

“ಅಂವಾ ಯಾರಿದ್ದಾನೋ ನನಗೂ ತಿಳೀದು. ಕೇಳಿದವರು ನಿಮ್ಮ ಹಿರೇರೇ. ಹೇಳಲಿಲ್ಲ ಅಂತ ಬರಸಿದವರೂ ಅವರೇ. ಹೇಳಲಿಲ್ಲ ಅಂತ ಗೊತ್ತಿದ್ದೂ ತಮ್ಮ ಮಗಳು ಕೊಟ್ರು, ತಮ್ಮ ಹೆಸರೂ ಕೊಟ್ರು. ಕಣಜದ ಬಾಗಲಾ ಕಾಯೋ ಮನುಷ್ಯಾ, ಕಾಳು ಯಾವುದು ಹೊಟ್ಟು ಯಾವುದು ಅಂವಗ ತಿಳೀತಿರಲಿಲ್ಲೇನು? ಅವರಿಗಿಂತ ನೀವು ಶಾಣ್ಯಾ ಇದ್ದೀರಿ ಅಂದ್ರ ಲಗ್ನ ಮುರೀರಿ.”

ಮುತ್ಯಾ ತಲೆ ಎತ್ತಿ ಅವಳನ್ನು ನೋಡಿದರು. ಆಮೇಲೆ ಮೊಮ್ಮಗಳ ಕಡೆ ತಿರುಗಿದರು. “ನೀ ಏನಂತೀ?”

“ನಾ ಹೂಂ ಅಂದು ಎರಡು ತಿಂಗಳಾಯ್ತು ಮುತ್ಯಾ. ಬ್ಯಾಡ ಅಂದವರು ನೀವು.”

ಮುತ್ಯಾ ಟೊಪ್ಪಿಗೆ ತೆಗೆದು ತಲೆ ಸವರಿಕೊಂಡರು. “ನಮ್ಮ ಹಿರೇರು ಮಗಳಿಗಿ ಕೊಟ್ಟ ಮನಿಗಿ ಮೊಮ್ಮಗಳಿಗಿ ಕೊಡಲಾಕ ನಾ ಯಾಕ ಅಂಜಲಿ? ಸೋಮವಾರ ಬರ್ರಿ. ಹಂದರ ಇನ್ನ ಬಿಚ್ಚಿಲ್ಲ.”

ಗುರೂಜಿ ಮದುವೆಗೆ ಇಲ್ಲ ಎನ್ನಲಿಲ್ಲ. ನಮ್ಮಿಬ್ಬರಿಗೆ ಮಾತ್ರ ಗೇಟಿನ ತನಕ ಬಂದು ಹೇಳಿದರು: “ಲಗ್ನ ಉಳೀತು, ನನ್ನ ಮಾನ ಹೋಯ್ತು. ಇನ್ನ ಮ್ಯಾಲ ನೀವಾಗಲಿ ನಿಮ್ಮ ಮಕ್ಕಳಾಗಲಿ ಈ ಬಾಗಲಾ ತುಳೀಬ್ಯಾಡ್ರಿ.” ಒಂದು ಮನೆ ಕಳೆದುಕೊಂಡರೆ ಹೆಳವನಿಗೆ ಆಗುವ ನೋವು ಬೇರೆಯವರಿಗೆ ಹೇಳಿದರೆ ತಿಳಿಯದು. ತಲೆಮಾರಿನಿಂದ ಓದಿಕೊಂಡು ಬಂದ ಹೆಸರುಗಳು ಅಲ್ಲಿಗೇ ನಿಲ್ಲುತ್ತವೆ, ಮುಂದೆ ಯಾರು ಹುಟ್ಟಿದರು ಎಂಬುದು ನಮಗೆ ತಿಳಿಯುವುದಿಲ್ಲ. ಅದೂ ಅಣ್ಣನ ಪಾಲಿನ ಮನೆ. ನನ್ನ ತಪ್ಪಿಗೆ ಅವನು ದಂಡ ತೆತ್ತ.

ವಾಪಸು ಬರುವಾಗ ಕ್ಷಮೆ ಕೇಳಿದೆ. “ರಸ್ತಾ ನೋಡಿ ಗಾಡಿ ಹೊಡಿ,” ಎಂದ. ನಿಲಂಗಾದಲ್ಲಿ ಇಳಿದವನು, “ಮತ್ತ ಎಷ್ಟು ಗೆರಿ ನೆಟ್ಟಗ ಮಾಡೀದಿ?” ಎಂದು ಕೇಳಿದ. ಈಗ ರವಿವಾರ ರವಿವಾರ ನನ್ನ ರಿಜಿಸ್ಟರ್ ಹಿಡಿದುಕೊಂಡು ಅವನ ಅಂಗಡಿಗೆ ಹೋಗುತ್ತೇನೆ. ಯಾವ ಪುಟದಲ್ಲಿ ಹೆಣ್ಣಿನ ಹೆಸರಿದೆಯೋ ಅದನ್ನು ಗುರುತು ಮಾಡುತ್ತೇವೆ, ಆ ಮನೆಯವರನ್ನು ಕೇಳಿ ಅವರ ಹೊಸ್ತಿಲಲ್ಲೇ ನೂಲು ಬಿಚ್ಚಿ ತಾಳೆ ನೋಡುತ್ತೇವೆ. ಬರೆದದ್ದನ್ನು ಅಳಿಸುವಂತಿಲ್ಲ, ಆದ್ದರಿಂದ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಸರಿ ಗೆರೆ ಎಳೆಯುತ್ತೇನೆ, ಕೈಯಿಂದಲೇ. ಇಲ್ಲಿಯವರೆಗೆ ಮೂರು ಸಿಕ್ಕಿವೆ. ಇನ್ನೂ ಅರ್ಧ ಪುಸ್ತಕವೂ ಆಗಿಲ್ಲ.

ಮದುವೆಗೆ ನಮ್ಮನ್ನು ಕರೆಯಲಿಲ್ಲ, ನಾವು ಹೋಗಲೂ ಇಲ್ಲ. ಒಂದು ತಿಂಗಳ ಮೇಲೆ ಹುಡುಗಿ ಫೋನು ಮಾಡಿದಳು.

“ಕಾಕಾ, ನಮ್ಮ ಮಾವಾರು ಇನ್ನಾ ಸಿಟ್ಟಿಲೇ ಅದಾರ. ಅಜ್ಜಿದು ಮಾತ್ರ ಕೇಳಬ್ಯಾಡ್ರಿ, ಹಾಲಿನವ ಬಂದ್ರೂ ಕುಂಡ್ರಿಸಿ ಹೇಳ್ತಾಳ, ನಮ್ಮ ಹಿರ್ಯಾ ಬರೀ ಕೈಲೆ ಬಂದು ಹೆಂಡ್ತಿ, ಹೆಸರು ಎರಡೂ ಗಳಿಸಿದ ಅಂತ.”

ಇಬ್ಬರೂ ನಕ್ಕೆವು. ಆಮೇಲೆ ನಾನು ಕೇಳಬೇಕಾದದ್ದನ್ನು ಕೇಳಿದೆ. “ತಾಯಿ, ಅವತ್ತು ಅರ್ಧಕ್ಕ ನಿಲ್ಲಿಸಿದ್ರ ಚಲೋ ಇತ್ತೇನು?”

ಹಿಂದೆ ಪಾತ್ರೆಯ ಸದ್ದು, ಯಾರೋ ಅವಳನ್ನು ಕರೆದದ್ದು ಕೇಳಿಸಿತು. ಬಂದೆ ಎಂದು ಅವರಿಗೆ ಕೂಗಿ, ದನಿ ತಗ್ಗಿಸಿ ನನಗೆ ಹೇಳಿದಳು:

“ಎಲ್ಲಾ ಕೇಳಿಯೇ ಬಂದೀನಿ ಕಾಕಾ, ನನಗ ಈ ಮನ್ಯಾಗ ಯಾರ ಅಂಜಿಕಿನೂ ಇಲ್ಲ. ನಿಮ್ಮಣ್ಣಗ ಕರಕೊಂಡು ಬರ್ರಿ ಯಾವಾಗರೆ. ಬಾಗಲಾ ನಾ ತಗೀತೀನಿ.”